ಮುಪ್ಪೋ, ಹುಟ್ಟುಗುಣವೋ: ಹಳೆಯ 205 ಜಿಟಿಐ ಜೊತೆ ನಾಲ್ಕು ವರ್ಷ

ಬಲಗಡೆಯ ಹಿಂದಿನ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿಕೊಂಡಿದ್ದುದು ಕಾರನ್ನು ಕೊಳ್ಳುವ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಅದರ ಅರ್ಥ ನನಗೆ ಅಂದು ತಿಳಿದಿರಲಿಲ್ಲ. ರೇಸ್ ಕಾರುಗಳ ಚಕ್ರಗಳು ಹಾಗೆ ವಾಲಿರುವುದನ್ನು ಚಿತ್ರಗಳಲ್ಲಿ ಕಂಡಿದ್ದೆನಾದ್ದರಿಂದ, ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಬೇಕೆಂದೇ ಹಾಗೆ ಹೊಂದಿಸಿರಬೇಕು ಎಂದು ಭಾವಿಸಿದೆ. ಒಂದೇ ಬದಿಯ ಚಕ್ರವನ್ನು ಯಾರೂ ಬೇಕೆಂದು ವಾಲಿಸುವುದಿಲ್ಲ ಎಂಬ ಸರಳ ಸಂಗತಿ ಹೊಳೆಯುವುದಕ್ಕೆ ನನಗೆ ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳಲ್ಲಿ ನಾನು ಆ ಕಾರಿಗೆ ಏನೇನು ಮಾರ್ಪಾಡು ಮಾಡಬೇಕೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದೆನೋ, ಅವುಗಳಲ್ಲಿ ಹೆಚ್ಚಿನವು ಕಾರಿನ ಕೊರತೆಗಳಿಗೆ ಉತ್ತರವಾಗಿರಲಿಲ್ಲ, ಅದರ ವಯಸ್ಸಿಗೆ ಉತ್ತರವಾಗಿದ್ದವು.

ಕಾರು 1988ರ ಪ್ಯೂಜೋ 205 ಜಿಟಿಐ, 1.9 ಲೀಟರ್ ಎಂಜಿನ್ನಿನದು. ಮೂಲ 205 ಬಂದದ್ದು 1983ರಲ್ಲಿ. ಮರುವರ್ಷ 1580 ಸಿಸಿ ಎಂಜಿನ್ ಹೊತ್ತ ಮೊದಲ ಜಿಟಿಐ ಬಂತು, 1986ರ ಕೊನೆಯಲ್ಲಿ 1905 ಸಿಸಿಯದು ಬಂತು. ಎರಡೂ ಎಂಜಿನ್‌ಗಳಲ್ಲಿ ಸಿಲಿಂಡರಿನ ಅಗಲ 83 ಮಿ.ಮೀ.; ಪಿಸ್ಟನ್ ಚಲಿಸುವ ದೂರ ಮಾತ್ರ ಚಿಕ್ಕದರಲ್ಲಿ 73, ದೊಡ್ಡದರಲ್ಲಿ 88 ಮಿ.ಮೀ. ಆದ್ದರಿಂದಲೇ ಚಿಕ್ಕದು ಮೇಲಿನ ವೇಗದಲ್ಲಿ ಚುರುಕಾಗಿ ತಿರುಗುತ್ತದೆ, ದೊಡ್ಡದು ಕೆಳಗಿನಿಂದಲೇ ಗಟ್ಟಿಯಾಗಿ ಎಳೆಯುತ್ತದೆ. ನನ್ನದರ ಶಕ್ತಿ ಹೊಸದಿದ್ದಾಗ 130 ಅಶ್ವಶಕ್ತಿ. ಇಂದಿನ ಸಾಧಾರಣ ಕುಟುಂಬದ ಕಾರಿಗೂ ಇಷ್ಟು ಶಕ್ತಿ ಇರುತ್ತದೆ; ಆದರೆ ಈ ಕಾರಿನ ತೂಕ ಸುಮಾರು 900 ಕಿಲೋಗ್ರಾಂ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2420 ಮಿ.ಮೀ. ಮಾತ್ರ. ಸ್ಟೀರಿಂಗ್ ಚಕ್ರವನ್ನು ತುಸು ತಿರುಗಿಸಿದರೂ ಇಡೀ ಕಾರು ಒಟ್ಟಿಗೆ ತಿರುಗಿದಂತೆ ಅನಿಸುವುದು ಈ ಎರಡು ಅಂಕಿಗಳಿಂದ.

ಮಾರ್ಪಾಡಿನ ಆಸೆ ನನ್ನಲ್ಲಿ ಹುಟ್ಟಿದ್ದು ಬಹುಶಃ ಎಲ್ಲರಲ್ಲೂ ಹುಟ್ಟುವಂತೆಯೇ. 1985 ಮತ್ತು 1986ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದ 205 ಟರ್ಬೊ 16ರ ಚಿತ್ರಗಳನ್ನು ನೋಡಿ ಬೆಳೆದವನು ನಾನು. ಆ ಕಾರಿನ ಎಂಜಿನ್ ಮಧ್ಯದಲ್ಲಿತ್ತು, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತಿತ್ತು. ಹೊರರೂಪದ ಹೋಲಿಕೆ ಬಿಟ್ಟರೆ ನನ್ನ ಕಾರಿಗೂ ಅದಕ್ಕೂ ಇರುವ ನಂಟು ತೀರ ತೆಳು. ಆದರೂ ಆ ಹೋಲಿಕೆಯೇ ಸಾಕಾಗಿತ್ತು. ಪುಸ್ತಕದಲ್ಲಿ ನಾನು ಬರೆದುಕೊಂಡ ಮೊದಲ ಸಾಲು ಎಂಜಿನ್ ಬದಲಾವಣೆ. ಇದೇ ಕುಟುಂಬದ 16 ವಾಲ್ವಿನ ಎಂಜಿನ್‌ಗಳು, ಅಂದರೆ 405 ಎಂಐ16ರಿಂದ ಬರುವ 160 ಅಶ್ವಶಕ್ತಿಯದು ಅಥವಾ 306 ಜಿಟಿಐ-6ರಿಂದ ಬರುವ 167 ಅಶ್ವಶಕ್ತಿಯದು, ಈ ಕಾರಿನೊಳಗೆ ಕೂರುತ್ತವೆ, ಹಲವರು ಕೂರಿಸಿದ್ದಾರೆ. ಎರಡನೆಯ ಸಾಲು ಹೊಸ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ. ಮೂರನೆಯದು ಕಾರನ್ನು ತಗ್ಗಿಸುವ ಸ್ಪ್ರಿಂಗುಗಳು. ನಾಲ್ಕನೆಯದು ಕೀಲುಗಳಲ್ಲಿ ನಡುಕ ತಡೆಯುವ ರಬ್ಬರ್ ಬುಷ್‌ಗಳ ಜಾಗದಲ್ಲಿ ಗಡಸು ಪಾಲಿಯುರೆಥೇನ್ ಬುಷ್‌ಗಳು.

ಎಂಜಿನ್ ಬದಲಿಸುವ ಯೋಚನೆಯನ್ನು ಕೈಬಿಡಿಸಿದ್ದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂಬುದರ ಅಳತೆ. ಎಂಜಿನ್ ಬಿಸಿಯಿರುವಾಗ ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಇಂಧನ ಮತ್ತು ಕಿಡಿ ಎರಡನ್ನೂ ತಡೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಒಂದೊಂದೇ ಸಿಲಿಂಡರನ್ನು ಅಳೆದೆ. ನಾಲ್ಕೂ 12 ಬಾರ್‌ನ ಆಸುಪಾಸಿನಲ್ಲಿದ್ದವು, ಅತಿ ಹೆಚ್ಚಿಗೂ ಅತಿ ಕಡಿಮೆಗೂ ಅರ್ಧ ಬಾರ್‌ನಷ್ಟೂ ಅಂತರವಿರಲಿಲ್ಲ. ಇಷ್ಟು ಆರೋಗ್ಯವಾಗಿರುವ ಎಂಜಿನ್ನನ್ನು ಇಳಿಸಿ ಪಕ್ಕಕ್ಕಿಡಲು ನನಗೆ ಮನಸ್ಸು ಬರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ಇಷ್ಟು ಚೆನ್ನಾಗಿದ್ದೂ ಕಾರು ಯಾಕೆ ಮಂಕಾಗಿ ಓಡುತ್ತಿದೆ ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದಿತು.

ಮಂಕು ಎಂದರೆ ಏನು ಎಂಬುದನ್ನು ವಿವರಿಸಬೇಕು. ನಿಂತಲ್ಲಿಂದ ಹೊರಡುವಾಗ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತೆ ತಡವರಿಸುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್ ವೇಗ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ, ಒಮ್ಮೆ 700ಕ್ಕೆ ಇಳಿದು ಮತ್ತೊಮ್ಮೆ 1300ಕ್ಕೆ ಏರಿ, ಅಲೆಯಂತೆ ಏಳುತ್ತಾ ಬೀಳುತ್ತಾ ಇತ್ತು. ಈ ಕಾರಿನ ಇಂಧನ ವ್ಯವಸ್ಥೆ ಬಾಷ್‌ನ ಎಲ್-ಜೆಟ್ರಾನಿಕ್ ವಂಶದ್ದು. ಒಳಬರುವ ಗಾಳಿ ಒಂದು ಕದವನ್ನು ತಳ್ಳುತ್ತದೆ, ಕದ ಎಷ್ಟು ತೆರೆಯಿತು ಎಂಬುದನ್ನು ನೋಡಿ ನಿಯಂತ್ರಣ ಪೆಟ್ಟಿಗೆ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಕದವನ್ನು ದಾಟಿದ ಮೇಲೆ, ಎಂಜಿನ್ನಿಗೆ ಸೇರುವ ಮೊದಲು ಎಲ್ಲಾದರೂ ಬಿರುಕಿದ್ದರೆ ಅಲ್ಲಿಂದ ನುಸುಳುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ನಾನು ಕದದ ಮೀಟರನ್ನೇ ಅನುಮಾನಿಸಿ ಅದನ್ನು ಬದಲಿಸಿ ನೋಡಿದೆ, ಏನೂ ಆಗಲಿಲ್ಲ. ರಬ್ಬರ್ ಕೊಳವೆಗಳನ್ನೆಲ್ಲ ಟಾರ್ಚ್ ಹಿಡಿದು ನೋಡಿದೆ, ಎಲ್ಲವೂ ಸರಿಯಾಗಿದ್ದಂತೆ ಕಂಡವು. ಒಂದು ಗ್ಯಾರೇಜಿನವರು ನಿಯಂತ್ರಣ ಪೆಟ್ಟಿಗೆಯೇ ಕೆಟ್ಟಿದೆ ಎಂದು ಹೇಳಿದರು. ಹಳೆಯ ವ್ಯವಸ್ಥೆಯ ಹಣೆಬರಹವೇ ಇಷ್ಟು, ಎಲ್ಲವನ್ನೂ ಕಿತ್ತು ಹೊಸ ಪೆಟ್ಟಿಗೆ ಹಾಕಿಬಿಡಬೇಕು ಎಂದು ನಿರ್ಧರಿಸುವ ಹಂತಕ್ಕೆ ಬಂದಿದ್ದೆ.

ಒಂದು ಸಂಜೆ ಬಾನೆಟ್ ತೆರೆದಿಟ್ಟು, ಗೆಳೆಯನೊಬ್ಬನನ್ನು ಒಳಗೆ ಕೂರಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿ, ಪಕ್ಕದಲ್ಲಿ ನಿಂತು ನೋಡಿದೆ. ಎಂಜಿನ್ ತನ್ನ ಜಾಗದಿಂದ ಕೈಯಳತೆಯಷ್ಟು ವಾಲಿತು. ವಾಲಿದೊಡನೆ ಗಾಳಿಯ ಮೀಟರಿಗೂ ಎಂಜಿನ್ನಿನ ಗಾಳಿಬಾಗಿಲಾದ ಥ್ರಾಟಲ್‌ಗೂ ನಡುವಿನ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆ ಹಿಗ್ಗಿತು, ಹಿಗ್ಗಿದಾಗ ಅದರ ಕೆಳಭಾಗದ ಮಡಿಕೆಯೊಳಗೆ ಎರಡು ಬೆರಳುದ್ದದ ಬಿರುಕು ಬಾಯಿ ತೆರೆಯಿತು. ಎಂಜಿನ್ ನಿಂತಿರುವಾಗ ಕೊಳವೆ ಮುದುಡಿಕೊಂಡು ಬಿರುಕು ಕೂಡಿಕೊಳ್ಳುತ್ತಿದ್ದುದರಿಂದ ಟಾರ್ಚಿನ ಬೆಳಕಿಗೆ ಅದು ಸಿಕ್ಕಿರಲಿಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗಿದಂತೆಲ್ಲ ಅದು ತುಸು ತೆರೆಯುವುದು, ತುಸು ಮುಚ್ಚುವುದು. ಅಲೆಯಂತೆ ಏಳುತ್ತಾ ಬೀಳುತ್ತಾ ಇದ್ದ ವೇಗಕ್ಕೆ ಕಾರಣ ಅದೇ. ಕೊಳವೆ ಬಿರುಕು ಬಿಟ್ಟದ್ದಾದರೂ ಯಾಕೆ? ಎಂಜಿನ್ ವಾಲದಂತೆ ಕೆಳಗಿನಿಂದ ಹಿಡಿದಿಡುವ ಮೌಂಟಿನ ರಬ್ಬರ್ ಹರಿದುಹೋಗಿ, ವರ್ಷಗಳಿಂದ ಪ್ರತಿಬಾರಿ ಕ್ಲಚ್ ಬಿಟ್ಟಾಗಲೂ ಎಂಜಿನ್ ಕೊಳವೆಯನ್ನು ಎಳೆಯುತ್ತಿದ್ದುದರಿಂದ. ಮೂವತ್ತು ವರ್ಷ ದುಡಿದ ರಬ್ಬರ್ ಅದು. ಕಾರನ್ನು ರೂಪಿಸಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಒಂದು ಕೊಳವೆ, ಒಂದು ಮೌಂಟ್ ಬದಲಿಸಿದ ಮೇಲೆ ಐಡ್ಲಿಂಗ್ 900ರಲ್ಲಿ ನಿಂತಿತು. ಹೊಸ ನಿಯಂತ್ರಣ ಪೆಟ್ಟಿಗೆಯ ಸಾಲನ್ನು ಪುಸ್ತಕದಲ್ಲಿ ಹೊಡೆದುಹಾಕಿದೆ.

ಆದರೆ ಆ ಮೌಂಟಿನ ವಿಷಯದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ ಎಂಬುದನ್ನೂ ಹೇಳಬೇಕು. ರಬ್ಬರ್ ಹರಿದಿದೆಯೆಂದರೆ ರಬ್ಬರ್ ಸಾಲದು ಎಂದು ತೀರ್ಮಾನಿಸಿ, ಮೊದಲು ಹಾಕಿದ್ದು ಪಾಲಿಯುರೆಥೇನಿನದು. ಗೇರ್ ಬದಲಾವಣೆ ಖಂಡಿತ ಚುರುಕಾಯಿತು, ಎಂಜಿನ್ ಅಲುಗುವುದು ನಿಂತಿತು. ಆದರೆ ಐಡ್ಲಿಂಗ್‌ನ ನಡುಕವೆಲ್ಲ ನೇರವಾಗಿ ಕಾರಿನ ಮೈಗೆ ಬಂದು, ಡ್ಯಾಶ್‌ಬೋರ್ಡ್ ಇಡಿಯಾಗಿ ಗಿಜಿಗುಡತೊಡಗಿತು. ಒಳಗನ್ನಡಿಯಲ್ಲಿ ಹಿಂದಿನ ವಾಹನದ ನಂಬರ್ ಓದಲಾಗದಷ್ಟು ಕಂಪನ. ಎರಡು ತಿಂಗಳು ಸಹಿಸಿ, ಅದನ್ನು ತೆಗೆದು ಮೂಲದ್ದೇ ರಬ್ಬರ್ ಮೌಂಟ್ ಹಾಕಿದೆ. ಹೊಸ ರಬ್ಬರಿಗೂ ಪಾಲಿಯುರೆಥೇನಿಗೂ ಗೇರ್ ಬದಲಾವಣೆಯಲ್ಲಿ ಕಂಡ ವ್ಯತ್ಯಾಸ ತೀರ ಅಲ್ಪ. ನಾನು ಮೆಚ್ಚಿಕೊಂಡಿದ್ದ ಆ ಚುರುಕುತನದ ಬಹುಪಾಲು ಗಡಸು ವಸ್ತುವಿನಿಂದ ಬಂದದ್ದಲ್ಲ, ಹರಿದದ್ದನ್ನು ತೆಗೆದು ಹೊಸತು ಹಾಕಿದ್ದರಿಂದ ಬಂದದ್ದು. ಹೊಸ ಬಿಡಿಭಾಗಕ್ಕೂ ಮಾರ್ಪಾಡಿನ ಬಿಡಿಭಾಗಕ್ಕೂ ಹೋಲಿಕೆ ಮಾಡಬೇಕಾದಲ್ಲಿ ನಾವು ಸವೆದ ಭಾಗಕ್ಕೂ ಮಾರ್ಪಾಡಿನ ಭಾಗಕ್ಕೂ ಹೋಲಿಕೆ ಮಾಡುತ್ತೇವೆ. ಮಾರ್ಪಾಡನ್ನು ಹೊಗಳುವ ಮಾತುಗಳಲ್ಲಿ ಅರ್ಧದಷ್ಟು ಹೀಗೆಯೇ ಹುಟ್ಟುತ್ತವೆ ಎಂದು ನಾನು ನಂಬುತ್ತೇನೆ.

ಇನ್ನು ಹಿಂದಿನ ಚಕ್ರಕ್ಕೆ ಬರುತ್ತೇನೆ. ಈ ನಾಲ್ಕು ವರ್ಷಗಳಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಲಸವೂ, ಅತಿ ಹೆಚ್ಚು ಕಲಿತ ಕೆಲಸವೂ ಅದೇ.

205ರ ಬಗ್ಗೆ ಎಲ್ಲರೂ ಹೇಳುವ ಒಂದು ಮಾತಿದೆ: ತಿರುವಿನ ನಡುವೆ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಹಿಂಬದಿ ಹೊರಕ್ಕೆ ಜಾರುತ್ತದೆ. ಇದು ಕಟ್ಟುಕಥೆಯಲ್ಲ. ಕಾಲು ತೆಗೆದೊಡನೆ ಕಾರಿನ ಭಾರ ಮುಂದಕ್ಕೆ ಸರಿದು, ಮುಂದಿನ ಟೈರುಗಳು ನೆಲವನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತವೆ, ಮೊದಲೇ ಹಗುರಾಗಿರುವ ಹಿಂಬದಿ ಮತ್ತಷ್ಟು ಹಗುರಾಗಿ ಹಿಡಿತ ಬಿಡುತ್ತದೆ. ಚಕ್ರಗಳ ನಡುವಿನ ಅಂತರ ಕಡಿಮೆಯಿರುವುದರಿಂದ ಇದೆಲ್ಲ ಬೇಗನೆ ನಡೆದುಹೋಗುತ್ತದೆ. ಹೀಗಾಗಿ ನನ್ನ ಕಾರು ಎಡ ತಿರುವುಗಳಲ್ಲಿ ಒಂದು ರೀತಿ, ಬಲ ತಿರುವುಗಳಲ್ಲಿ ಇನ್ನೊಂದು ರೀತಿ ವರ್ತಿಸುತ್ತಿದ್ದಾಗಲೂ, ಒದ್ದೆ ರಸ್ತೆಯ ಉಬ್ಬಿನ ಮೇಲೆ ಹಿಂಬದಿ ಒಂದು ಕಡೆಗೆ ಹಾರಿ ಕೂತಂತಾಗುತ್ತಿದ್ದಾಗಲೂ, ಇದು ಈ ಕಾರಿನ ಹುಟ್ಟುಗುಣ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನಿದ್ದೆ. ತಗ್ಗಿಸುವ ಸ್ಪ್ರಿಂಗುಗಳಿಂದ ಅದನ್ನು ಹದ್ದುಬಸ್ತಿಗೆ ತರಬಹುದು ಎಂಬುದು ನನ್ನ ಎಣಿಕೆಯಾಗಿತ್ತು. ಕೊನೆಗೊಂದು ದಿನ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದಾಗ ಬಂದ ಕಾಗದದಲ್ಲಿ ಎಡ ಹಿಂಚಕ್ರದ ವಾಲುವಿಕೆ ಒಂದೂವರೆ ಡಿಗ್ರಿ, ಬಲದ್ದು ಮೂರು ಡಿಗ್ರಿಗಿಂತ ಹೆಚ್ಚು ಎಂದಿತ್ತು. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ನೋಡಿದ ಮೇಲೆ ಅದನ್ನು ಹುಟ್ಟುಗುಣ ಎಂದು ಕರೆಯುವುದು ಸಾಧ್ಯವಾಗಲಿಲ್ಲ.

ಈ ಕಾರಿನ ಹಿಂದಿನ ಸಸ್ಪೆನ್ಷನ್ ಜಾಣತನದಿಂದ ಕೂಡಿದ ರಚನೆ. ಕಾರಿನ ಅಡ್ಡಕ್ಕೆ ಒಂದು ದಪ್ಪ ಉಕ್ಕಿನ ಕೊಳವೆ. ಅದರ ಎರಡೂ ತುದಿಗಳಲ್ಲಿ ಚಕ್ರಗಳನ್ನು ಹೊತ್ತ ಎರಡು ತೋಳುಗಳು. ಪ್ರತಿ ತೋಳಿನ ದಂಡ ಕೊಳವೆಯೊಳಗೆ ಹೊಕ್ಕು ಸೂಜಿಯಂಥ ರೋಲರುಗಳ ಬೇರಿಂಗುಗಳ ಮೇಲೆ ತಿರುಗುತ್ತದೆ. ಸುರುಳಿ ಸ್ಪ್ರಿಂಗುಗಳಿಲ್ಲ. ಅವುಗಳ ಬದಲು ಕೊಳವೆಯ ಪಕ್ಕದಲ್ಲಿ ಅಡ್ಡಡ್ಡ ಮಲಗಿರುವ ಎರಡು ಟಾರ್ಷನ್ ಬಾರ್‌ಗಳು, ಅಂದರೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳುಗಳು. ಶಾಕ್ ಅಬ್ಸಾರ್ಬರ್‌ಗಳೂ ಹೆಚ್ಚುಕಡಿಮೆ ಮಲಗಿಕೊಂಡಿರುವುದರಿಂದ ಡಿಕ್ಕಿಯ ನೆಲ ಅಗಲವಾಗಿ, ಸಪಾಟಾಗಿ ಉಳಿಯುತ್ತದೆ. ಇಷ್ಟು ಪುಟ್ಟ ಕಾರಿನಲ್ಲಿ ಇಷ್ಟೊಂದು ಜಾಗ ಸಿಗುವುದು ಇದೇ ಕಾರಣಕ್ಕೆ. ತೊಡಕೆಂದರೆ, ತೋಳಿನ ಬುಡದ ಸೀಲ್ ವರ್ಷಗಳು ಕಳೆದಂತೆ ಗಟ್ಟಿಯಾಗಿ ನೀರನ್ನು ಒಳಬಿಟ್ಟರೆ, ಗ್ರೀಸ್ ಕೆಟ್ಟು, ಸೂಜಿ ರೋಲರುಗಳು ತುಕ್ಕು ಹಿಡಿದು ಪುಡಿಯಾಗಿ, ಆ ಪುಡಿ ದಂಡವನ್ನೇ ಕೊರೆಯತೊಡಗುತ್ತದೆ. ದಂಡ ಕೊರೆದಷ್ಟೂ ತೋಳು ಸಡಿಲವಾಗುತ್ತದೆ, ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಹೊರಗಿನಿಂದ ಕಾಣುವುದು ಆ ವಾಲುವಿಕೆಯೊಂದೇ.

ಇಡೀ ಆಕ್ಸಲನ್ನು ಇಳಿಸಲು ನಿರ್ಧರಿಸಿದೆ. ಜಾಕ್ ಎಂಬುದು ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಿ, ಕಳಚಿದ ಚಕ್ರಗಳನ್ನು ಕಾರಿನಡಿಗೆ ಮಲಗಿಸಿ, ಆಮೇಲಷ್ಟೇ ಕೆಳಗೆ ತೂರಿದೆ. ಸೈಲೆನ್ಸರಿನ ಹಿಂಭಾಗ, ಹ್ಯಾಂಡ್‌ಬ್ರೇಕ್ ಕೇಬಲ್‌ಗಳು, ಬ್ರೇಕ್ ಹೋಸ್‌ಗಳು ಒಂದೊಂದಾಗಿ ಬಿಟ್ಟುಕೊಂಡವು. ಆಕ್ಸಲನ್ನು ಮೈಗೆ ಹಿಡಿದಿಟ್ಟ ಬೋಲ್ಟುಗಳು ಬಿಡಲಿಲ್ಲ. ಮೂರು ದಿನ ಬೆಳಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ನಾಲ್ಕನೆಯ ದಿನ ಅವುಗಳಲ್ಲಿ ಕೊನೆಯದು ಬಿಟ್ಟುಕೊಂಡಾಗ ಬಂದ ಸದ್ದನ್ನು ಕೇಳಿ, ಬೋಲ್ಟೇ ಮುರಿಯಿತೆಂದು ಹೆದರಿದೆ. ಮುರಿದಿರಲಿಲ್ಲ.

ಟಾರ್ಷನ್ ಬಾರ್‌ಗಳ ಕತೆ ಬೇರೆ. ಅವುಗಳ ಎರಡೂ ತುದಿಗಳಲ್ಲಿ ಹಲ್ಲುಗಳಿರುತ್ತವೆ, ಒಂದು ತುದಿ ತೋಳಿಗೆ, ಇನ್ನೊಂದು ಎದುರು ಬದಿಯ ಹಿಡಿಕೆಗೆ ಕಚ್ಚಿಕೊಳ್ಳುತ್ತದೆ. ಯಾವ ಹಲ್ಲು ಯಾವುದರೊಳಗೆ ಕೂತಿದೆ ಎಂಬುದರ ಮೇಲೆ ಕಾರಿನ ಎತ್ತರ ನಿಂತಿರುವುದರಿಂದ, ಬಿಚ್ಚುವ ಮೊದಲು ಎರಡೂ ತುದಿಗಳಲ್ಲಿ ಚುಕ್ಕೆ ಗುರುತು ಹೊಡೆಯಲೇಬೇಕು. ಬಣ್ಣದ ಗುರುತು ಎಣ್ಣೆಗೆ ಅಳಿಸಿಹೋಗುತ್ತದೆ, ಆದ್ದರಿಂದ ಸೆಂಟರ್ ಪಂಚ್ ಬಳಸಿದೆ. ಎಡ ಬಲಗಳು ಅದಲುಬದಲಾಗಕೂಡದು. ಇಷ್ಟು ವರ್ಷ ಒಂದೇ ದಿಕ್ಕಿಗೆ ತಿರುಚಿಕೊಂಡ ಉಕ್ಕನ್ನು ತಿರುಗಾಮುರುಗಾ ಮಾಡಿದರೆ ಅದು ಮುರಿಯುವ ಅಪಾಯವಿದೆ. ಸರಳಿನ ತುದಿಯ ತಿರುಪಿನ ರಂಧ್ರಕ್ಕೆ ಸ್ಲೈಡ್ ಹ್ಯಾಮರ್ (ಜಾರುವ ಭಾರದ ಪೆಟ್ಟಿನಿಂದ ಹೊರಕ್ಕೆ ಎಳೆಯುವ ಸುತ್ತಿಗೆ) ಸಿಕ್ಕಿಸಿ ಹೊಡೆಯುತ್ತಾ ಹೋದೆ. ಎಡದ್ದು ಒಂದು ಗಂಟೆಯಲ್ಲಿ ಬಂತು. ಬಲದ್ದು ಎರಡು ದಿನ ತೆಗೆದುಕೊಂಡಿತು: ಹಿಡಿಕೆಯನ್ನು ಬಿಸಿಮಾಡುವುದು, ಎಣ್ಣೆ ಬಿಡುವುದು, ಇಪ್ಪತ್ತು ಪೆಟ್ಟು, ಮತ್ತೆ ಬಿಸಿಮಾಡುವುದು. ಅದು ಕೂದಲೆಳೆಯಷ್ಟು ಸರಿದಿದೆಯೋ ಇಲ್ಲವೋ ಎಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ, ಸರಿದಿದೆ ಎಂದು ತಿಳಿದ ಆ ಕ್ಷಣದ ಸಮಾಧಾನವನ್ನು ನಾನು ಮರೆಯಲಾರೆ.

ಬಲತೋಳನ್ನು ಎಳೆದಾಗ ಕೊಳವೆಯಿಂದ ಗ್ರೀಸ್ ಬರಲಿಲ್ಲ, ಕಂದು ಪುಡಿ ಸುರಿಯಿತು. ಹೊರಗಿನ ಬೇರಿಂಗಿನಲ್ಲಿ ಉಳಿದಿದ್ದ ರೋಲರುಗಳನ್ನು ಎಣಿಸಬಹುದಾಗಿತ್ತು. ದಂಡದ ಕೆಳಮುಖದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಎಡಬದಿಯಲ್ಲಿ ಗ್ರೀಸ್ ಇನ್ನೂ ಸ್ವಲ್ಪ ಉಳಿದಿತ್ತು, ದಂಡ ಮಾತ್ರ ಅಲ್ಲಲ್ಲಿ ಮಂಕಾಗಿತ್ತು. ಕೊಳವೆಯ ಒಳಮೈ ಎರಡೂ ಕಡೆ ಹಾಳಾಗದೆ ಉಳಿದದ್ದು ದೊಡ್ಡ ಅದೃಷ್ಟ. ಅದು ಹೋಗಿದ್ದರೆ ಇಡೀ ಆಕ್ಸಲನ್ನೇ ಹುಡುಕಬೇಕಾಗುತ್ತಿತ್ತು. ತೋಳಿನಿಂದ ಹಳೆಯ ದಂಡವನ್ನು ಹೊರಗೊತ್ತಿ ಹೊಸದನ್ನು ಕೂರಿಸಲು ದೊಡ್ಡ ಪ್ರೆಸ್ ಬೇಕು, ಅದು ನನ್ನಲ್ಲಿರಲಿಲ್ಲ. ವಯಸ್ಸಾದ ಲೇತ್ ಮೇಸ್ತ್ರಿಯೊಬ್ಬರ ಬಳಿಗೆ ಎರಡೂ ತೋಳುಗಳನ್ನು ಒಯ್ದೆ. ಎಡದ್ದು ಇನ್ನೂ ಬಳಸಬಹುದೇನೋ ಎಂದು ನಾನು ಕೇಳಿದಾಗ ಅವರು ದಂಡವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಬಳಸಬಹುದಪ್ಪ, ಆದರೆ ಇದರ ಮೇಲಿನ ಗಡಸು ಪದರ ಒಮ್ಮೆ ಬಿಟ್ಟರೆ ಆಮೇಲೆ ಒಳಗಿನದು ಮೇಣದ ಹಾಗೆ ಸವೆಯುತ್ತೆ. ಮತ್ತೆ ಇಷ್ಟೇ ಬಿಚ್ಚುವ ಮನಸ್ಸಿದ್ದರೆ ಹಾಗೇ ಹಾಕಿಕೊ” ಎಂದರು. ಎರಡನ್ನೂ ಬದಲಿಸಿದೆ. ಅವರು ದಂಡಗಳನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿಡಲು ಹೇಳಿ, ಬೆಳಗ್ಗೆ ತೋಳುಗಳನ್ನು ಬಿಸಿಮಾಡಿ, ತಣ್ಣಗೆ ಕುಗ್ಗಿದ ದಂಡವನ್ನು ಬಿಸಿಗೆ ಹಿಗ್ಗಿದ ರಂಧ್ರಕ್ಕೆ ಇಟ್ಟು, ನೇರವಾಗಿದೆಯೆಂದು ನಾಲ್ಕು ಕಡೆಯಿಂದ ಮಟ್ಟ ನೋಡಿದ ಮೇಲೆಯೇ ಪ್ರೆಸ್ಸಿನ ಹಿಡಿಕೆಗೆ ಕೈಹಾಕಿದರು.

ಹೊಸ ಬೇರಿಂಗು, ಹೊಸ ಸೀಲು, ಕೈತುಂಬ ಗ್ರೀಸ್ ಸೇರಿಸಿ ಎಲ್ಲವನ್ನೂ ಜೋಡಿಸಿದ ಮೇಲೆ ಎತ್ತರ ಹೊಂದಿಸುವ ಕೆಲಸ ಉಳಿದಿತ್ತು. ಶಾಕ್ ಅಬ್ಸಾರ್ಬರಿನ ಜಾಗದಲ್ಲಿ ನಿಗದಿತ ಉದ್ದದ ಒಂದು ಪಟ್ಟಿಯನ್ನು ಬೋಲ್ಟು ಮಾಡಿ ತೋಳನ್ನು ಬೇಕಾದ ಕೋನದಲ್ಲಿ ಹಿಡಿದಿಟ್ಟು, ಆ ಸ್ಥಿತಿಯಲ್ಲಿ ಟಾರ್ಷನ್ ಬಾರ್ ಎರಡೂ ಕಡೆ ಸಲೀಸಾಗಿ ಒಳಹೋಗುವ ಹಲ್ಲುಗಳನ್ನು ಹುಡುಕಬೇಕು. ಎರಡು ತುದಿಗಳ ಹಲ್ಲುಗಳ ಸಂಖ್ಯೆ ಬೇರೆಬೇರೆಯಾಗಿರುವುದರಿಂದ ಇದು ಸಾಧ್ಯವಾಗುತ್ತದೆ: ಒಂದು ತುದಿಯಲ್ಲಿ ಒಂದು ಹಲ್ಲು ಮುಂದೆ, ಇನ್ನೊಂದರಲ್ಲಿ ಒಂದು ಹಲ್ಲು ಹಿಂದೆ ಸರಿಸಿದರೆ ಉಳಿಯುವ ವ್ಯತ್ಯಾಸ ಅತಿ ಚಿಕ್ಕದು. ವರ್ನಿಯರ್ ಕ್ಯಾಲಿಪರಿನ ಎರಡು ಅಳತೆಪಟ್ಟಿಗಳು ಕೆಲಸ ಮಾಡುವುದೂ ಇದೇ ತತ್ತ್ವದಿಂದ. ಪಂಚ್ ಗುರುತಿಗೇ ಮರಳಿಸಿದಾಗ ಬಲಬದಿ 8 ಮಿ.ಮೀ. ತಗ್ಗಾಗಿತ್ತು, ಅಂದರೆ ಹಿಂದೆ ಯಾರೋ ಬಿಚ್ಚಿ ಅಂದಾಜಿನ ಮೇಲೆ ಜೋಡಿಸಿದ್ದರು. ನಾಲ್ಕು ಬಾರಿ ಬಿಚ್ಚಿ ಹಾಕಿದ ಮೇಲೆ ಎರಡೂ ಬದಿಗಳು 2 ಮಿ.ಮೀ. ಅಂತರದೊಳಗೆ ಬಂದವು. ಅಲೈನ್‌ಮೆಂಟ್ ಕಾಗದದಲ್ಲಿ ಎರಡೂ ಹಿಂಚಕ್ರಗಳು ಒಂದು ಡಿಗ್ರಿಗೆ ತುಸು ಹೆಚ್ಚು ಎಂದಿತ್ತು.

ಟೈರುಗಳನ್ನೂ ಆಗಲೇ ಬದಲಿಸಿದೆ. ಅವುಗಳ ಮೇಲ್ಮೈಯ ತೋಡುಗಳು ಇನ್ನೂ ಆಳವಾಗಿಯೇ ಇದ್ದವು, ಆದರೆ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯ ಗುರುತು 2309 ಎಂದಿತ್ತು, ಅಂದರೆ 2009ರ 23ನೆಯ ವಾರದಲ್ಲಿ ತಯಾರಾದವು. ಉಗುರಿನಿಂದ ಒತ್ತಿದರೆ ಗುರುತೂ ಬೀಳದಷ್ಟು ಗಟ್ಟಿಯಾಗಿದ್ದವು. ಹೊಸ 185/55 ಆರ್15 ಟೈರುಗಳನ್ನು ನಾಲ್ಕೂ ಕಡೆಗೆ ಹಾಕಿ, ಮುಚ್ಚಿದ ಟ್ರ್ಯಾಕ್ ಒಂದರಲ್ಲಿ ಇಡೀ ಬೆಳಗ್ಗೆ ಓಡಿಸಿದೆ. ಎಡ ತಿರುವಿಗೂ ಬಲ ತಿರುವಿಗೂ ಇದ್ದ ವ್ಯತ್ಯಾಸ ಹೋಗಿತ್ತು. ಬೇಕೆಂದೇ ತಿರುವಿನ ನಡುವೆ ಕಾಲು ತೆಗೆದು ನೋಡಿದೆ: ಹಿಂಬದಿ ಈಗಲೂ ಜಾರಿತು. ಆದರೆ ಜಾರುವ ಮೊದಲು ಸೀಟಿನ ಮೂಲಕ ನನಗೆ ಹೇಳಿ ಜಾರಿತು, ಎರಡು ಬದಿಗೂ ಒಂದೇ ಹದದಲ್ಲಿ ಜಾರಿತು, ಆಕ್ಸಿಲರೇಟರನ್ನು ಮೆಲ್ಲನೆ ಮತ್ತೆ ಒತ್ತಿದೊಡನೆ ತಾನೇ ಸರಿಹೋಯಿತು. ಇದು ಹುಟ್ಟುಗುಣ. ಇದನ್ನು ನಾನು ಮುಟ್ಟುವುದಿಲ್ಲ ಎಂದು ಆ ದಿನ ತೀರ್ಮಾನಿಸಿದೆ.

ತಗ್ಗಿಸುವ ಸ್ಪ್ರಿಂಗುಗಳ ಸಾಲನ್ನೂ ಅಂದೇ ಹೊಡೆದುಹಾಕಿದೆ. ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವಂಥದು. ಅದನ್ನು ಬಹಳ ತಗ್ಗಿಸಿದರೆ ಕೆಳತೋಳುಗಳು ಚಕ್ರದ ಕಡೆಗೆ ಮೇಲ್ಮುಖವಾಗಿ ವಾಲಿ, ಕಾರು ಯಾವ ಬಿಂದುವಿನ ಸುತ್ತ ಪಕ್ಕಕ್ಕೆ ಓಲುತ್ತದೆಯೋ ಆ ಬಿಂದು ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ಕೆಳಗಿಳಿಯುತ್ತದೆ. ಹೀಗಾದಾಗ ಓಲಾಟ ಕಡಿಮೆಯಾಗುವ ಬದಲು ಅದರ ಬಲ ಹೆಚ್ಚುತ್ತದೆ, ಅದನ್ನು ತಡೆಯಲು ಸ್ಪ್ರಿಂಗನ್ನು ಇನ್ನೂ ಬಿಗಿ ಮಾಡಬೇಕಾಗುತ್ತದೆ, ಉಬ್ಬುಗಳಲ್ಲಿ ಸ್ಟೀರಿಂಗ್ ತಾನಾಗಿಯೇ ಅತ್ತಿತ್ತ ಎಳೆಯತೊಡಗುತ್ತದೆ. ನೋಡಲು ಚೆಂದವಿರುವುದು ನಿಜ. ನಾನು ಮೂಲ ಎತ್ತರವನ್ನೇ ಉಳಿಸಿಕೊಂಡು ತುಸು ಬಿಗಿಯಾದ ಶಾಕ್ ಅಬ್ಸಾರ್ಬರ್‌ಗಳನ್ನು ಮಾತ್ರ ಹಾಕಿದ್ದೇನೆ.

ಹಾಗಾದರೆ ಮಾರ್ಪಾಡೇ ಬೇಡವೇ ಎಂದರೆ, ಬೇಕು. ಮುಪ್ಪನ್ನೆಲ್ಲ ತೆಗೆದ ಮೇಲೂ ಉಳಿಯುವ ಕೊರತೆಗಳಿಗೆ ಬೇಕು. ನನ್ನ ಕಾರಿನಲ್ಲಿ ಅಂಥದ್ದು ಹೆಡ್‌ಲೈಟು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದಾಗ ಬಲ್ಬಿನ ತುದಿಯಲ್ಲಿ 11.6 ಮಾತ್ರ ಸಿಗುತ್ತಿತ್ತು, ಏಕೆಂದರೆ ದೀಪದ ಪೂರ್ತಿ ವಿದ್ಯುತ್ತು ಉದ್ದನೆಯ ಸಣ್ಣ ತಂತಿಗಳಲ್ಲಿ ಹರಿದು, ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕ ಹಾದು ಬರುತ್ತಿತ್ತು. ಹ್ಯಾಲೋಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ಆರನೆಯ ಒಂದು ಭಾಗದಷ್ಟು ವೋಲ್ಟೇಜ್ ಕುಸಿದರೆ ಬೆಳಕು ಅರ್ಧದ ಹತ್ತಿರಕ್ಕೆ ಬಂದುಬಿಡುತ್ತದೆ. ಎರಡು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್ಚು), ಎರಡು ಫ್ಯೂಸ್, ಬ್ಯಾಟರಿಯಿಂದ ನೇರ ದಪ್ಪ ತಂತಿ, ಒಳ್ಳೆಯ ಅರ್ತ್. ಈಗ ಬಲ್ಬಿಗೆ 13.4 ವೋಲ್ಟ್ ಸಿಗುತ್ತಿದೆ. ಮೂಲ ತಂತಿಯನ್ನು ಎಲ್ಲೂ ಕತ್ತರಿಸಿಲ್ಲ, ಬೇಕೆಂದಾಗ ಹತ್ತು ನಿಮಿಷದಲ್ಲಿ ಹಿಂದಿನಂತೆ ಮಾಡಬಹುದು. ಬ್ರೇಕಿಗೆ ಉಕ್ಕಿನ ಹೆಣಿಗೆಯ ಹೋಸ್‌ಗಳನ್ನೂ ಸ್ವಲ್ಪ ಉತ್ತಮ ಪ್ಯಾಡ್‌ಗಳನ್ನೂ ಹಾಕಿದ್ದೇನೆ. ಬ್ರೇಕ್ ಫ್ಲೂಯಿಡ್ ಡಾಟ್ 4 ದರ್ಜೆಯದು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು, ಹೊಸದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂದಿದ್ದರೆ ತೇವ ಹಿಡಿದದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುತ್ತೇನೆ. ಟೈಮಿಂಗ್ ಬೆಲ್ಟನ್ನು ಕೊಂಡ ವಾರವೇ ಬದಲಿಸಿದ್ದೆ, ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್ ಆದ್ದರಿಂದ ಎರಡನ್ನೂ ಒಟ್ಟಿಗೇ ಮಾಡಿದೆ. ಹಳೆಯ ಕಾರಿನ ಬೆಲ್ಟಿನ ಬಗ್ಗೆ ಮಾರುವವರು ಹೇಳುವ ಮಾತನ್ನು ಮಾತ್ರ ಯಾರೂ ನಂಬಬಾರದು.

ಈಗ ಉಳಿದಿರುವುದು ಎರಡನೆಯ ಗೇರು. ಎಣ್ಣೆ ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹಾಕಿದರೆ ತುಸು ತಡೆದು, ಕೆಲವೊಮ್ಮೆ ಕರ್ ಎನ್ನುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಸರಿಹೋಗುತ್ತದೆ. ಸಿಂಕ್ರೊ, ಅಂದರೆ ಗೇರುಗಳ ವೇಗವನ್ನು ಸರಿಹೊಂದಿಸುವ ಬಳೆ, ಸವೆದಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಇಬ್ಬರು ಹೇಳಿದ್ದಾರೆ. ಆದರೆ ಗೇರ್ ಲಿವರಿನಿಂದ ಬಾಕ್ಸಿಗೆ ಹೋಗುವ ಸರಳುಗಳ ತುದಿಯಲ್ಲಿರುವ ಪ್ಲಾಸ್ಟಿಕ್ ಬಟ್ಟಲುಗಳು ಸಡಿಲಗೊಂಡಿರುವುದನ್ನು ಕೈಯಿಂದಲೇ ಅಲುಗಾಡಿಸಿ ನೋಡಿದ್ದೇನೆ. ಲಿವರ್ ಪೂರ್ತಿ ಸರಿದರೂ ಒಳಗೆ ಗೇರನ್ನು ಕೂಡಿಸುವ ಫೋರ್ಕ್ ಪೂರ್ತಿ ಸರಿಯದೆ ಇರುವ ಸಾಧ್ಯತೆ ಇದೆ. ಹೊಸ ಸರಳುಗಳು ಬಂದಿವೆ, ಗೇರ್‌ಬಾಕ್ಸಿನ ಎಣ್ಣೆಯೂ ಬಂದಿದೆ. ಈ ಭಾನುವಾರ ಮೊದಲು ಸರಳುಗಳನ್ನು ಮಾತ್ರ ಬದಲಿಸಿ ಒಂದು ವಾರ ಓಡಿಸುತ್ತೇನೆ, ಎಣ್ಣೆಯನ್ನು ಅದರ ಮುಂದಿನ ವಾರ ಬದಲಿಸುತ್ತೇನೆ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.